ಬಿಡುವಿನ ವೇಳೆಯೂ ವಿದ್ಯೆಯ ಆಯ್ಕೆಯೂ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಶಾಲೆಗೆ ಬರುವ ಪೋಷಕರ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: "ಮುಂದೆ ಏನನ್ನು ಓದಿಸೋಣ? ವಿಜ್ಞಾನವೋ, ವಾಣಿಜ್ಯವೋ, ಮಾನವಿಕ ವಿಷಯಗಳೋ?" ಉತ್ತರವೀಯುವ ಮೊದಲು ನಾವೂ ಒಂದು ಪ್ರಶ್ನೆಯನ್ನು ಕೇಳುವುದುಂಟು: "ಯಾರೂ ಏನನ್ನೂ ವಿಧಿಸದಿರುವಾಗ ನಿಮ್ಮ ಮಗು ತಾನಾಗಿಯೇ ಏನು ಮಾಡುತ್ತದೆ?" ಅಂಕಗಳನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲ ತಂದೆತಾಯಿಗಳು ಇದಕ್ಕೆ ಉತ್ತರ ಕಾಣದೆ ಸುಮ್ಮನಾಗುವುದನ್ನು ನಾವು ಹಲವು ಬಾರಿ ಕಂಡಿದ್ದೇವೆ. ಆ ಪ್ರಶ್ನೆಯನ್ನು ಕುರಿತೇ ಇಂದು ಎರಡು ಮಾತುಗಳನ್ನಾಡಬಯಸುತ್ತೇವೆ.

ತರಗತಿಯಲ್ಲಿ ಮಗುವು ನಿಯಮಕ್ಕೆ ಕಟ್ಟುಬಿದ್ದಿರುತ್ತದೆ, ಪರೀಕ್ಷೆಯಲ್ಲಿ ಭಯಕ್ಕೆ. ಬಿಡುವಿನಲ್ಲಿ ಮಾತ್ರ ಅದರ ಸ್ವಭಾವವು ತಾನೇತಾನಾಗಿ ಹೊರಹೊಮ್ಮುತ್ತದೆ. ಒಬ್ಬನು ಕೆಟ್ಟ ಪಂಪನ್ನು ಬಿಚ್ಚಿ ನೋಡುತ್ತಾನೆ. ಒಬ್ಬಳು ರಾತ್ರಿ ಕೇಳಿದ ತಾಳಮದ್ದಳೆಯ ಅರ್ಥವನ್ನು ಬೆಳಗ್ಗೆ ತನ್ನದೇ ಮಾತಿನಲ್ಲಿ ಹೇಳಿ ತೋರಿಸುತ್ತಾಳೆ. ತರಗತಿಯಲ್ಲಿ ತುಟಿ ಬಿಚ್ಚದವನನ್ನು ನಾವು ಮಂದಮತಿಯೆಂದು ಭಾವಿಸಬಾರದು. ಮಿತಭಾಷಿತ್ವವು ಒಂದು ಸ್ವಭಾವವೇ ಹೊರತು ನ್ಯೂನತೆಯಲ್ಲ. ಅಂತಹವನು ಮನೆಯ ಅಂಗಳದಲ್ಲಿ ಹಕ್ಕಿಗಳನ್ನು ಗಂಟೆಗಟ್ಟಲೆ ಗಮನಿಸುವವನಾಗಿರಬಹುದು.

ನಮ್ಮ ನೆಲದಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಮಂಜೇಶ್ವರದ ಗೋವಿಂದ ಪೈಗಳು (1883–1963) ತಂದೆಯ ನಿಧನದ ಕಾರಣ ಮದರಾಸಿನಲ್ಲಿ ಬಿ.ಎ. ವ್ಯಾಸಂಗವನ್ನು ಪೂರ್ಣಗೊಳಿಸಲಾಗಲಿಲ್ಲ. ಆದರೆ ಅವರ ಅಧ್ಯಯನವು ಅಲ್ಲಿಗೆ ನಿಲ್ಲಲಿಲ್ಲ. ಹಲವು ಭಾಷೆಗಳನ್ನೂ ಇತಿಹಾಸವನ್ನೂ ಮನೆಯಲ್ಲಿಯೇ ಕುಳಿತು ಸಾಧಿಸಿದರು. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. ಇತ್ತೀಚಿನ ಉದಾಹರಣೆಯೆಂದರೆ ನಮ್ಮ ಜಿಲ್ಲೆಯ ಕೃಷಿಕ ಸತ್ಯನಾರಾಯಣ ಬೇಳೇರಿಯವರದು. ಅವರು 650ಕ್ಕೂ ಮಿಕ್ಕ ಭತ್ತದ ತಳಿಗಳನ್ನು ಸಂರಕ್ಷಿಸಿ 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಪದವಿ ಬೇಡವೆಂದು ಇದರ ಅರ್ಥವಲ್ಲ. ಯಾರೂ ವಿಧಿಸದ ಶ್ರಮವೊಂದು ಮನುಷ್ಯನನ್ನು ಎಷ್ಟು ದೂರ ಒಯ್ಯಬಲ್ಲುದೆಂಬುದಷ್ಟೇ ಇದರ ತಾತ್ಪರ್ಯ.

ಬಿಡುವಿನ ಅಭಿರುಚಿಯೇ ಜೀವನೋಪಾಯವಾಗಬೇಕೆಂದೂ ನಾವು ಹೇಳುವುದಿಲ್ಲ. ಚಂಡೆ ಬಾರಿಸುವವನು ಲೆಕ್ಕಪರಿಶೋಧಕನಾಗಲಿ. ಚಂಡೆಯನ್ನು ಮಾತ್ರ ಬಿಡದಿರಲಿ. ಆದರೆ ಲೆಕ್ಕವೆಂದರೆ ಹೇಸುವವನನ್ನು ನೆರೆಮನೆಯ ಹುಡುಗನು ಸೇರಿದನೆಂಬ ಒಂದೇ ಕಾರಣಕ್ಕೆ ವಿಜ್ಞಾನಕ್ಕೆ ಸೇರಿಸುವುದು ಸರಿಯಲ್ಲ. ಪ್ಲಸ್ ಟು ಎರಡೇ ವರ್ಷಗಳದಾದರೂ ಅಲ್ಲಿ ಕಳೆದುಕೊಂಡ ಆತ್ಮವಿಶ್ವಾಸವನ್ನು ಮರಳಿ ಗಳಿಸಲು ಬಹುಕಾಲ ಬೇಕಾಗುತ್ತದೆ.

ಬಿಡುವೇ ಇಲ್ಲದ ಮಕ್ಕಳೂ ನಮ್ಮಲ್ಲಿದ್ದಾರೆಂಬುದನ್ನು ಮರೆಯಲಾಗದು. ಸಂಜೆ ಅಡಕೆ ಸುಲಿಯುವ, ತಮ್ಮತಂಗಿಯರನ್ನು ನೋಡಿಕೊಳ್ಳುವ ಮಗುವಿಗೆ ಹವ್ಯಾಸವೆಲ್ಲಿಯದು? ಆ ದುಡಿಮೆಯು ಗೌರವಾರ್ಹವೇ ಸರಿ. ಆದರೂ ದಿನಕ್ಕೆ ಅರ್ಧ ಗಂಟೆಯನ್ನಾದರೂ ಅದಕ್ಕಾಗಿ ಉಳಿಸಿಕೊಡಿರೆಂದು ಪೋಷಕರಲ್ಲಿ ಬೇಡುತ್ತೇವೆ. ಸಮಯವಿದ್ದವರ ತೊಂದರೆ ಬೇರೆ. ಮೊಬೈಲಿನಲ್ಲಿ ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಎದುರಿಗೆ ಬರುತ್ತದೆ. ಅಲ್ಲಿ ಆಯ್ಕೆಯು ಮಗುವಿನದಾಗಿರದೆ ಯಂತ್ರದ್ದಾಗಿರುತ್ತದೆ. ಆಯ್ಕೆಯ ಅಭ್ಯಾಸವೇ ತಪ್ಪಿದವನು ವಿದ್ಯೆಯನ್ನು ಆಯ್ದುಕೊಳ್ಳುವುದಾದರೂ ಹೇಗೆ?

ಭಾಷೆಯ ವಿಷಯವಾಗಿಯೂ ಒಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯವನ್ನು ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಕಾನೂನು ತರಗತಿಯನ್ನು ಕೊಡಬಲ್ಲುದು. ಬಿಡುವಿನ ಓದನ್ನು ಮನೆಯೇ ಕೊಡಬೇಕು. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಮಲಯಾಳ ಯಾವುದನ್ನೇ ಆಡಲಿ, ಪಠ್ಯದ ಹೊರಗೆ ಒಂದು ಕನ್ನಡ ಪುಸ್ತಕವನ್ನು ಸಂತೋಷಕ್ಕಾಗಿ ಓದದ ಮಗುವಿಗೆ ಕನ್ನಡವು ಬರಿಯ ಪರೀಕ್ಷೆಯ ವಿಷಯವಾಗಿ ಉಳಿದೀತು.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಈ ರಜೆಯಲ್ಲಿ ಒಂದು ವಾರ ಕಾಲ ನಿಮ್ಮ ಬಿಡುವಿನ ಗಂಟೆಗಳು ಹೇಗೆ ಕಳೆದುವೆಂಬುದನ್ನು ಪುಸ್ತಕದಲ್ಲಿ ಯಥಾವತ್ತಾಗಿ ಬರೆದಿಡಿರಿ. ನಮ್ಮನ್ನು ಮೆಚ್ಚಿಸಲು ಬರೆಯಬೇಡಿರಿ. ಪೋಷಕರು ಅದನ್ನು ಗದರಿಸದೆ ಓದಲಿ. ಪ್ಲಸ್ ವನ್ ಅರ್ಜಿಯನ್ನು ತುಂಬುವ ಮುನ್ನ ಅಂಕಪಟ್ಟಿಯೊಡನೆ ಆ ಪುಸ್ತಕವನ್ನೂ ತನ್ನಿರಿ. ಎರಡನ್ನೂ ಮುಂದಿಟ್ಟುಕೊಂಡು ತಂದೆತಾಯಿ, ಮಗು, ಅಧ್ಯಾಪಕರು ಕೂಡಿ ವಿಚಾರಿಸೋಣ. ಆಗ ಆಯ್ಕೆಯು ಮಗುವಿನದೂ ಆಗಿರುತ್ತದೆ. ತನ್ನ ಆಯ್ಕೆಯ ಭಾರವನ್ನು ಅದು ಸಂತೋಷದಿಂದಲೇ ಹೊತ್ತೀತು.