ಎಷ್ಟು ಜನ ಬರುತ್ತೀರಿ?

ಮಳೆಗಾಲ ಮುಗಿದು ಆಕಾಶ ತಿಳಿಯಾಯಿತೆಂದರೆ ನಮ್ಮ ಮಂಗಳೂರಿನ ಎಷ್ಟೋ ಯುವಕ ಯುವತಿಯರ ಮನಸ್ಸು ಘಟ್ಟದ ಕಡೆಗೆ ಓಡುತ್ತದೆ. ಬಿಜೈಯ ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಸುಬ್ರಹ್ಮಣ್ಯದ ಬಸ್ಸಿಗೆ ಕಾಯುವವರನ್ನು ಕಂಡಾಗ ಸಂತೋಷವಾಗುತ್ತದೆ. ಕಾಲ್ನಡಿಗೆಯಲ್ಲಿ ಬೆಟ್ಟ ಏರಿದವರಿಗೆ ನೆಲದ ಪರಿಚಯ ಮೈಗೇ ಆಗುತ್ತದೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹೋಗುವ ದಾರಿ ಮೊದಲು ದಟ್ಟ ಕಾಡಿನೊಳಗೆ ಏರುತ್ತದೆ. ಮರದ ಬೇರುಗಳೇ ಅಲ್ಲಿ ಮೆಟ್ಟಿಲು. ಬೆವರು ಸುರಿಸಿ ಕಾಡು ದಾಟಿದರೆ ಗಿರಿಗದ್ದೆ. ಅಲ್ಲಿ ಒಂಟಿಯಾಗಿ ನಿಂತಿರುವ ಮನೆಯನ್ನು ಚಾರಣಿಗರೆಲ್ಲ ಕರೆಯುವುದು ‘ಭಟ್ಟರ ಮನೆ’ ಎಂದೇ. ದಶಕಗಳಿಂದ ದಣಿದು ಬಂದವರಿಗೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದ ಮನೆ ಅದು. ಅಂಗಡಿಯಿಲ್ಲದ ಜಾಗದಲ್ಲಿ ಅಕ್ಕಿ ಬೇಳೆಯೆಲ್ಲ ಕೆಳಗಿನಿಂದಲೇ ಬರಬೇಕು. ಹಾಗಾಗಿ ಊಟ ಬೇಕಾದವರು ಮೊದಲೇ ತಿಳಿಸುವುದು ರೂಢಿ. ಆಗ ಮನೆಯವರು ಕೇಳಬೇಕಾದ ಮೊದಲ ಮಾತು ಒಂದೇ: ‘ಎಷ್ಟು ಜನ ಬರುತ್ತೀರಿ?’

ಈ ಮಾತನ್ನು ಬೆಟ್ಟದ ಪರವಾಗಿಯೂ ಯಾರಾದರೂ ಕೇಳಬೇಕಲ್ಲವೇ? 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಈ ಬೆಟ್ಟಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದರು. ಕಿರುದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರಕಾರ ಚಾರಣವನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ಮುಂದೆ ಆನ್‌ಲೈನ್ ನೋಂದಣಿ ಬಂತು, ದಿನಕ್ಕೆ 300 ಜನ ಎಂಬ ಮಿತಿ ಬಂತು. ಇದು ನಮ್ಮ ಸ್ವಾತಂತ್ರ್ಯಕ್ಕೆ ಹಾಕಿದ ಬೇಲಿಯೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಎಷ್ಟು ಜನರನ್ನು ತಾಳಿಕೊಳ್ಳಬಲ್ಲೆ ಎಂದು ಹೇಳಲು ಬೆಟ್ಟಕ್ಕೆ ಬಾಯಿಲ್ಲ. ಅದರ ಪರವಾಗಿ ನಿಯಮವೇ ಆ ಮಾತು ಹೇಳುತ್ತಿದೆ.

ಜನ ಹೆಚ್ಚಿದಷ್ಟೂ ಅಜಾಗರೂಕತೆಯ ಅಪಾಯವೂ ಹೆಚ್ಚು; ಒಬ್ಬರ ತಪ್ಪೇ ಸಾಕು. ಭೂಮಿಯ ಇನ್ನೊಂದು ತುದಿಯಲ್ಲಿ ಅದಕ್ಕೊಂದು ಉದಾಹರಣೆಯಿದೆ. ದಕ್ಷಿಣ ಅಮೆರಿಕದ ಪೆಟಗೋನಿಯಾ ಬಿರುಗಾಳಿಯ ನಾಡು. ಕಣ್ಣು ಹಾಯುವಷ್ಟು ದೂರ ಹುಲ್ಲು. ಅಲ್ಲಿ ಚಿಲಿ ದೇಶದ ಟೋರೆಸ್ ಡೆಲ್ ಪೈನೆ ರಾಷ್ಟ್ರೀಯ ಉದ್ಯಾನದಲ್ಲಿ 2011ರ ಡಿಸೆಂಬರ್ ಕೊನೆಗೆ ಬೆಂಕಿ ಬಿತ್ತು. ಪ್ರವಾಸಿಯೊಬ್ಬರ ಅಜಾಗರೂಕತೆಯೇ ಅದಕ್ಕೆ ಕಾರಣವೆಂದಾಯಿತು. ಗಾಳಿಯ ರಭಸಕ್ಕೆ ಸುಮಾರು 17 ಸಾವಿರ ಹೆಕ್ಟೇರ್ ಕಾಡು, ಹುಲ್ಲುಗಾವಲು ಸುಟ್ಟುಹೋಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಘಟ್ಟದ ಹುಲ್ಲೂ ಹಾಗೆಯೇ ಒಣಗಿ ನಿಂತಿರುತ್ತದೆ. ಒಂದು ಬೀಡಿಯ ಕಿಡಿ ಸಾಕು.

ಆ ಹುಲ್ಲು ಸುಟ್ಟರೆ ನಮಗೇನು ಎನ್ನುವಂತಿಲ್ಲ. ಕುಮಾರಪರ್ವತದ ನೆತ್ತಿಯ ಎತ್ತರ 1,712 ಮೀಟರ್. ಮೇಲೆಲ್ಲ ಬರೀ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಎಂದು ಕರೆಯುವ ದಟ್ಟ ಕಾಡು. ಆಷಾಢದ ಮಳೆಯನ್ನು ಆ ಹುಲ್ಲಿನ ಬೇರು, ಆ ಕಾಡಿನ ತರಗೆಲೆಯ ಮಣ್ಣು ಹಿಡಿದಿಟ್ಟು, ಮಳೆ ನಿಂತ ಮೇಲೂ ತೊಟ್ಟುತೊಟ್ಟಾಗಿ ಹಳ್ಳಕ್ಕೆ ಬಿಡುತ್ತವೆ. ಹೀಗೆ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಎರಡೂ ಒಂದಾಗಿ ಬಂದ ನೀರನ್ನು ತುಂಬೆಯ ಅಣೆಕಟ್ಟಿನಲ್ಲಿ ತಡೆದು ಮಂಗಳೂರಿಗೆ ಕೊಡುತ್ತಾರೆ. ಏಪ್ರಿಲ್, ಮೇ ಬಂತೆಂದರೆ ತುಂಬೆಯಲ್ಲಿ ನೀರೆಷ್ಟಿದೆ ಎಂದು ಪತ್ರಿಕೆಯಲ್ಲಿ ಹುಡುಕುವವರು ನಾವೇ. ಸಾವಿರಾರು ಕಾಲುಗಳು ಹುಲ್ಲನ್ನು ಸವೆಸಿ ದಾರಿಯನ್ನು ಅಗಲ ಮಾಡಿದರೆ ಮೊದಲ ಮಳೆಗೇ ಆ ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿ ಮಣ್ಣು ಹೋದರೆ ಇಲ್ಲಿ ನಲ್ಲಿಯ ನೀರೂ ಕಡಿಮೆಯಾಗುತ್ತದೆ.

ಹಾಗೆಂದು ಬೆಟ್ಟಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಖಂಡಿತ ಹೋಗಿ. ಆದರೆ ಆರೇಳು ಮಂದಿ ಸೇರಿ ಹೋಗಿ. ಸಣ್ಣ ಗುಂಪಿನಲ್ಲಿ ಯಾರಿಗೆ ಕಾಲು ನೋಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ನಿಧಾನಕ್ಕೆ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗುತ್ತದೆ. ಗದ್ದಲ ಕಡಿಮೆಯಾದಷ್ಟೂ ಹಕ್ಕಿಯ ದನಿ ಕೇಳುತ್ತದೆ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಅವರಿಗೆ ನಾಲ್ಕು ಕಾಸು, ನಿಮಗೆ ನೂರು ಮರಗಳ ಪರಿಚಯ. ಅನುಮತಿ ಪಡೆದು ಹೋಗಿ, ಬೆಂಕಿ ಹಚ್ಚಬೇಡಿ, ಕೊಂಡೊಯ್ದ ಪ್ಲಾಸ್ಟಿಕ್ಕನ್ನು ನಿಮ್ಮದೇ ಚೀಲದಲ್ಲಿ ಕೆಳಗೆ ತನ್ನಿ.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸವಿದೆ. ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ಹೇಳಿ. ಮುಂದೆ ಆ ಬೆಟ್ಟವನ್ನು ಕಾಯಬೇಕಾದವರು ಅವರೇ.