ಶಿಫಾರಸಿಗೆ ಉತ್ತರ ಬರಲೇಬೇಕು

ಬಸ್ಸು ಹತ್ತಿ ಇಳಿಯುವ ಕಷ್ಟವನ್ನೆಲ್ಲ ನುಂಗಿಕೊಂಡು ದೂರದ ಊರುಗಳಿಂದ ಬಂದಿರುವ ಬಂಧುಗಳೆ, ನನ್ನ ಮಾತನ್ನು ಸನ್ನೆಭಾಷೆಗೆ ತರುತ್ತಿರುವ ಸೋದರಿಯೆ,

ಅಂಗವಿಕಲರ ಬಗ್ಗೆ ಕರುಣೆ ತೋರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಕೃತಜ್ಞ. ಆದರೆ ಇಂದು ನಾನು ಆಡಬೇಕಾದ ಮಾತು ಕರುಣೆಯದಲ್ಲ, ಕಾನೂನಿನದು. ತಾಲ್ಲೂಕು ಕಚೇರಿಯ ಮೆಟ್ಟಿಲ ಬಳಿ ಒಂದು ಗಾಲಿಕುರ್ಚಿ ನಿಂತುಬಿಟ್ಟರೆ ನೋಡಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಅಲ್ಲಿ ಕಾನೂನು ಮುರಿದಿದೆ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳನ್ನು ಹೆಸರಿಸಿತು; ಅಂಗವೈಕಲ್ಯವನ್ನು ಹೆಸರಿಸಲಿಲ್ಲ. ತಾರತಮ್ಯ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 3ನೇ ಸೆಕ್ಷನ್. ನ್ಯಾಯವಾಗಿ ಮಾಡಿಕೊಡಬಹುದಾದ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದೇ ಕಾಯ್ದೆ ಹೇಳುತ್ತದೆ. ಬರೆಯಲು ಕೈ ಸಹಕರಿಸದ ಅಭ್ಯರ್ಥಿಯೊಬ್ಬರಿಗೆ ಪರೀಕ್ಷೆಯಲ್ಲಿ ಬರಹಗಾರರ ನೆರವು ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ನೀಡಿದ್ದು ಈ ನೆಲೆಯ ಮೇಲೆಯೇ.

ಎಲ್ಲರೂ ಸುಪ್ರೀಂ ಕೋರ್ಟಿಗೆ ಹೋಗಲಾರರು. ಅದಕ್ಕೆಂದೇ ಇದೇ ಕಾಯ್ದೆಯಡಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿ ಇದೆ. ಯಾರೂ ದೂರು ಕೊಡದಿದ್ದರೂ ಆಯುಕ್ತರು ತಾವಾಗಿಯೇ ವಿಚಾರಣೆ ಕೈಗೆತ್ತಿಕೊಳ್ಳಬಹುದು. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ರೈಲ್ವೆ, ರಾಷ್ಟ್ರೀಕೃತ ಬ್ಯಾಂಕುಗಳ ಮೇಲಿನ ದೂರು ದೆಹಲಿಯ ಮುಖ್ಯ ಆಯುಕ್ತರಿಗೆ ಹೋಗಬೇಕು. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಅರ್ಜಿಗಳು ಅಲೆದಾಡುತ್ತವೆ.

‘ಆಯುಕ್ತರು ಶಿಫಾರಸು ಮಾಡಬಲ್ಲರೇ ಹೊರತು ಆಜ್ಞೆ ಮಾಡಲಾರರು, ಅವರಿಂದೇನು ಪ್ರಯೋಜನ?’ ಎಂದು ನಮ್ಮವರೇ ಬೇಸರದಿಂದ ಕೇಳುತ್ತಾರೆ. ಮಿತಿ ಇರುವುದು ನಿಜ. ಹಳೆಯ 1995ರ ಕಾಯ್ದೆಯಡಿ ಮುಖ್ಯ ಆಯುಕ್ತರು ತಡೆಯಾಜ್ಞೆ ನೀಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ಹೊಸ ಕಾಯ್ದೆಯ 81ನೇ ಸೆಕ್ಷನ್ ಓದಿ. ಶಿಫಾರಸು ತಲುಪಿದ ಇಲಾಖೆ ಅಗತ್ಯ ಕ್ರಮ ಕೈಗೊಂಡು, ಏನು ಮಾಡಿದೆನೆಂದು ಮೂರು ತಿಂಗಳೊಳಗೆ ಆಯುಕ್ತರಿಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು, ನೊಂದವರಿಗೂ ಅದನ್ನು ತಿಳಿಸಬೇಕು. 83ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಆಯುಕ್ತರ ವಾರ್ಷಿಕ ವರದಿಯನ್ನು ಸರ್ಕಾರ ವಿಧಾನಮಂಡಲದ ಮುಂದಿಡಬೇಕು, ಯಾವುದಾದರೂ ಶಿಫಾರಸನ್ನು ಒಪ್ಪಿಲ್ಲವಾದರೆ ಏಕೆಂದು ಅಲ್ಲಿಯೂ ಹೇಳಬೇಕು. ಮೌನವಾಗಿರಲು ಕಾನೂನು ಯಾವ ಇಲಾಖೆಗೂ ಅವಕಾಶ ಕೊಟ್ಟಿಲ್ಲ. ನಮ್ಮ ಹೋರಾಟದ ಹಿಡಿ ಇರುವುದು ಇಲ್ಲಿಯೇ, ಇದನ್ನು ನಾವು ಬಳಸಿದ್ದು ತೀರಾ ಕಡಿಮೆ.

ಆಯುಕ್ತರ ಕಚೇರಿಯಿಂದ ನಾನು ಬಯಸುವುದು ಹೀಗಿದೆ. ಯಾವ ಇಲಾಖೆಯ ಮೇಲೆ ದೂರು ಬಂದಿದೆಯೋ ಅದೇ ಇಲಾಖೆಗೆ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಕಳಿಸಿ ಕೈತೊಳೆದುಕೊಳ್ಳುವುದು ವಿಚಾರಣೆಯಲ್ಲ. ಎರಡೂ ಕಡೆಯವರನ್ನು ಕೂರಿಸಿ ಕೇಳಬೇಕು. ಕೊಪ್ಪಳದ ತಾಯಿಯೊಬ್ಬರು ದೂರು ಹಿಡಿದು ಬೆಂಗಳೂರಿಗೆ ಬರುವ ಬದಲು ಆಯುಕ್ತರೇ ಜಿಲ್ಲೆಗೆ ಬಂದು ಕೂರಬೇಕು. ಉತ್ತರಿಸದ ಇಲಾಖೆಗಳ ಹೆಸರು ವರದಿಯಲ್ಲಿ ಬರಬೇಕು. ಇಷ್ಟಾಗಬೇಕಾದರೆ ಸರ್ಕಾರ ಆ ಕಚೇರಿಗೆ ಸಿಬ್ಬಂದಿ, ಸನ್ನೆಭಾಷೆ ಬಲ್ಲವರು, ಕಾನೂನು ಓದಿದವರು, ಎಲ್ಲರನ್ನೂ ಒದಗಿಸಲೇಬೇಕು.

ಇದು ಕೆಲವೇ ಮಂದಿಯ ಬೇಡಿಕೆಯಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು. ಕಾಯ್ದೆ ಗುರುತಿಸುವ ವೈಕಲ್ಯಗಳು ಈಗ 21. ಆ್ಯಸಿಡ್ ದಾಳಿಗೆ ತುತ್ತಾದವರು, ಥಲಸ್ಸೀಮಿಯಾ ಇರುವವರು ನಮ್ಮ ಜೊತೆ ಸೇರಿದ್ದಾರೆ. ನ್ಯಾಯಾಲಯವೂ ನಮ್ಮ ಕಡೆಗಿದೆ: ಕಟ್ಟಡ, ಸಾರಿಗೆಗಳ ಸುಗಮ್ಯತೆಗೆ ಕಡ್ಡಾಯ ಮಾನದಂಡಗಳೇ ಬೇಕು, ಬರಿಯ ಮಾರ್ಗಸೂಚಿ ಸಾಲದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಇನ್ನು ನಮ್ಮ ಪಾಲಿನ ಕೆಲಸ. ದೂರು ಬರೆಯುವಾಗ ನಮ್ಮ ಬಡತನವನ್ನು ವಿವರಿಸುವುದು ಬೇಡ. ಯಾವ ದಿನ, ಯಾವ ಕಚೇರಿ, ಏನು ಕೇಳಿದಿರಿ, ಏನನ್ನು ನಿರಾಕರಿಸಿದರು ಎಂದು ಬರೆಯಿರಿ. ಸ್ವೀಕೃತಿ ಪಡೆಯಿರಿ. ಶಿಫಾರಸು ಇಲಾಖೆಗೆ ತಲುಪಿದ ದಿನವನ್ನು ಗುರುತು ಹಾಕಿಕೊಳ್ಳಿ. ಮೂರು ತಿಂಗಳು ಕಳೆದೂ ಉತ್ತರ ಬಾರದಿದ್ದರೆ ಶಿಫಾರಸಿನ ಪ್ರತಿಯನ್ನು ನಿಮ್ಮ ಶಾಸಕರಿಗೆ ಕೊಟ್ಟು, ಮುಂದಿನ ಅಧಿವೇಶನದಲ್ಲಿ ಆ ಇಲಾಖೆಯ ಮಂತ್ರಿಯನ್ನು ಪ್ರಶ್ನಿಸಬೇಕೆಂದು ಕೇಳಿ.