ಗೆಳೆಯರ ಕಾಲ್ಚೆಂಡಾಟ



ಕಾಲ್ಚೆಂಡಾಟವೆಂದೊಡನೆ ನಮ್ಮ ಮನಸ್ಸು ಬಹುಮಾನಗಳ ಕಡೆಗೆ ಓಡುವುದು ಸಹಜ. ರಾಯಚೂರಿನವರಿಗಂತೂ ಅದಕ್ಕೆ ಕಾರಣವೂ ಉಂಟು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಆ ರಾಜಧಾನಿಯ ಪೋಲೀಸು ದಳವು 1950ರಿಂದ 1954ರವರೆಗೆ ಎಡೆಬಿಡದೆ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ದಳವನ್ನು ತಿದ್ದಿದ ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಉಪಾಧ್ಯಾಯರು. ಅವರ ಶಿಕ್ಷಣದಲ್ಲಿಯೇ ಭಾರತವು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನೂ ಪಡೆಯಿತು. ಇತ್ತ ಮೈಸೂರು ಸೀಮೆಯ ಬೆಂಗಳೂರು ಮುಸ್ಲಿಮ್ಸ್ ದಳವು 1937ರಲ್ಲಿಯೇ ರೋವರ್ಸ್ ಕಪ್ಪನ್ನು ಗೆದ್ದಿತ್ತು.

ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಈ ದಿನ ನಾನು ಹೇಳಹೊರಟಿರುವುದು ಯಾವ ಕಪ್ಪೂ ಇಲ್ಲದ, ಯಾವ ದಾಖಲೆಯಲ್ಲಿಯೂ ಸೇರದ ಆಟವನ್ನು ಕುರಿತು.

ರಾಯಚೂರಿನಿಂದ ಲಿಂಗಸೂಗೂರಿನ ಕಡೆಗೆ ಪ್ರಯಾಣ ಮಾಡಿದವರಿಗೆ ಕಲ್ಮಲವು ಪರಿಚಿತವಾದ ಊರು. ದೇವದುರ್ಗದ ರಸ್ತೆ ಕವಲೊಡೆಯುವುದು ಅಲ್ಲಿಯೇ. ಅಂಥ ಊರಿನಲ್ಲಿ ಹತ್ತು ಹನ್ನೆರಡು ಮಂದಿ ಗೆಳೆಯರು ವಾರಕ್ಕೊಂದು ಸಂಜೆ ಕೂಡಿ ಆಡಬೇಕೆಂದರೆ ಬೇಕಾದ ಸಾಮಗ್ರಿ ಎಷ್ಟು? ಒಂದು ಚೆಂಡು, ಒಂದಿಷ್ಟು ಬಯಲು, ಗೋಲಿನ ಗುರುತಿಗೆ ನಾಲ್ಕು ಕಲ್ಲು. ರಾಯಚೂರು ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಎರೆನೆಲ ಮಾತ್ರ ಮಳೆಯಲ್ಲಿ ಕಾಲನ್ನು ಹಿಡಿದುಕೊಳ್ಳುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಆದಕಾರಣ ಆಟದ ದಿನವನ್ನು ಗೊತ್ತುಮಾಡುವುದು ಮನುಷ್ಯನಾದರೂ ಅದಕ್ಕೆ ಒಪ್ಪಿಗೆ ಕೊಡಬೇಕಾದುದು ನೆಲ.

ಈ ಆಟದ ಮೊದಲನೆಯ ಧರ್ಮವು ಸಮನಾಗಿ ಪಾಲುಮಾಡುವುದು. ಇಬ್ಬರು ಮುಂದಾಳುಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾರೆ. ಒಂದು ಕಡೆಯವರು ನಾಲ್ಕು ಗೋಲು ಮುಂದಾದರೆ ಆಟ ಸಪ್ಪೆಯಾಯಿತೆಂದು ತಾವೇ ತಮ್ಮ ಚುರುಕಾದ ಆಟಗಾರನನ್ನು ಎದುರು ಪಕ್ಷಕ್ಕೆ ಕಳುಹಿಸುತ್ತಾರೆ. ಕಪ್ಪಿಗಾಗಿ ಆಡುವ ಯಾವ ದಳವಾದರೂ ಹೀಗೆ ಮಾಡುವುದುಂಟೆ? ಗೆಳೆಯರು ಮಾಡುತ್ತಾರೆ, ಏಕೆಂದರೆ ಈ ವಾರದ ಗೆಲುವಿಗಿಂತ ಬರುವ ವಾರದ ಆಟ ಅವರಿಗೆ ಹೆಚ್ಚಿನದು.

ತೀರ್ಪುಗಾರನಿಲ್ಲದಿರುವುದು ಎರಡನೆಯ ವಿಶೇಷ. 1863ರಲ್ಲಿ ಲಂಡನ್ನಿನಲ್ಲಿ ಬರೆದ ಮೊದಲ ನಿಯಮಾವಳಿಯಲ್ಲಿಯೂ ತೀರ್ಪುಗಾರನ ಮಾತಿರಲಿಲ್ಲ. ಒಂದು ಪಕ್ಷಕ್ಕೆ ಎಷ್ಟು ಜನವೆಂಬುದನ್ನೂ ಅದು ಹೇಳಿರಲಿಲ್ಲ. ತೀರ್ಪುಗಾರನು ಅಂಗಳದೊಳಗೆ ಬಂದು ಪೂರ್ಣಾಧಿಕಾರ ವಹಿಸಿದುದು 1891ರಲ್ಲಿ. ಪೆನಾಲ್ಟಿಯ ಶಿಕ್ಷೆ ಬಂದುದೂ ಅದೇ ವರ್ಷ. ಕಲ್ಲಿನ ಮೇಲೆ ಹಾರಿದ ಚೆಂಡು ಗೋಲೋ ಅಲ್ಲವೋ ಎಂಬ ವ್ಯಾಜ್ಯವನ್ನು ನಮ್ಮ ಗೆಳೆಯರು ಇಂದಿಗೂ ಕೂಗಾಡಿಯೇ ತೀರಿಸಿಕೊಳ್ಳಬೇಕು. ಎಷ್ಟು ಕೂಗಿದರೂ ಕೊನೆಗೆ ಒಬ್ಬರು ಬಿಟ್ಟುಕೊಡಲೇಬೇಕು. ಬಿಟ್ಟುಕೊಡುವುದನ್ನು ಕಲಿಸುವ ಪಾಠಶಾಲೆಗಳು ಲೋಕದಲ್ಲಿ ಬಹಳವಿಲ್ಲ.

ಆದರೆ ಗೆಳೆತನದ ನಿಜವಾದ ಪರೀಕ್ಷೆ ಇರುವುದು ಕಟ್ಟಕಡೆಗೆ ಆರಿಸಲ್ಪಡುವವನಲ್ಲಿ. ಆಟ ಬಾರದವನು, ಬರಿಗಾಲಿನವನು, ಬೇರೆ ಓಣಿಯಿಂದ ಬಂದು ಅಂಚಿನಲ್ಲಿ ನಿಂತವನು - ಇವನನ್ನೂ ಕರೆದರೆ ಅದು ಊರಿನ ಆಟ. ಕರೆಯದಿದ್ದರೆ ಒಂದು ಗುಂಪಿನ ಆಟ. ಬಯಲು ಎಲ್ಲರದಾಗಿರುವವರೆಗೆ ಅವನು ಬಂದು ನಿಲ್ಲಬಲ್ಲನು. ನಗರಗಳಲ್ಲಿ ಈಗ ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಕೃತಕ ಹುಲ್ಲಿನ ಅಂಗಳದಲ್ಲಿ ಆಡುವ ಪದ್ಧತಿ ಬೆಳೆದಿದೆ. ನೆಲ ಸಮನಾಗಿದೆ, ದೀಪಗಳು ಉಜ್ವಲವಾಗಿವೆ. ದೂರಲು ಏನೂ ಇಲ್ಲ. ಆದರೆ ನಿಮಿಷಕ್ಕೆ ಬೆಲೆ ಬಂದಲ್ಲಿ ಚೆನ್ನಾಗಿ ಆಡದವನು ಖರ್ಚಿನ ಬಾಬಾಗುತ್ತಾನೆ. ಪಾಲು ಕೊಡಲಾರದವನು ಬೇಲಿಯ ಹೊರಗೆ ಉಳಿಯುತ್ತಾನೆ. ಅವನನ್ನು ಯಾರೂ ಹೊರಗಟ್ಟಿದಂತೆಯೂ ಕಾಣುವುದಿಲ್ಲ.

ಆದ್ದರಿಂದ ಬಡಾವಣೆಗಳ ನಕ್ಷೆಯನ್ನು ಬರೆಯುವಾಗ, ಊರ ಗಾಯರಾಣವನ್ನೂ ಶಾಲೆಯ ಬಯಲನ್ನೂ ಮತ್ತೊಂದು ಉಪಯೋಗಕ್ಕೆ ತೆಗೆದುಕೊಳ್ಳುವಾಗ, ವಿದ್ಯಾವಂತರಾದ ತಾವು ಒಂದು ಪ್ರಶ್ನೆಯನ್ನು ಕೇಳಬೇಕು: ನಾಲ್ಕು ಕಲ್ಲನ್ನಿಡಲು ಇಲ್ಲಿ ಸ್ಥಳವುಳಿದಿದೆಯೇ? ಕಪ್ಪನ್ನು ಗೆಲ್ಲುವವರು ಎಲ್ಲಿಂದಲಾದರೂ ಬಂದಾರು. ಸೋತವನೊಡನೆ ಮಾತನಾಡುತ್ತ ಮನೆಗೆ ಹಿಂದಿರುಗುವ ಸಂಜೆಗೆ ಮಾತ್ರ ಊರೊಳಗೊಂದು ಬಯಲು ಬೇಕು.